ಮಳೆಗಾಲದಲ್ಲಿ ನೆಟ್ ಹೋದರೆ ಪೆನ್ ಡ್ರೈವ್‌ಗೇ ಪುಶ್ ಮಾಡಿ

ಶಿರಸಿ, ಸಿದ್ದಾಪುರ ಕಡೆ ಮನೆಯಿಂದ ಕೆಲಸ ಮಾಡುವವರು ಒಂದು ಪೆನ್ ಡ್ರೈವನ್ನು ಗಿಟ್‌ನ (ಕೋಡ್‌ನ ಬದಲಾವಣೆಗಳ ಇತಿಹಾಸ ಇಡುವ ಸಾಫ್ಟ್‌ವೇರ್) ಎರಡನೇ ರಿಮೋಟ್, ಅಂದರೆ ಕೋಡ್ ಪುಶ್ ಮಾಡುವ (ಕಳಿಸಿಡುವ) ಇನ್ನೊಂದು ಜಾಗ, ಮಾಡಿಟ್ಟುಕೊಳ್ಳಿ. ಡ್ರೈವ್‌ನಲ್ಲಿ ಫೋಲ್ಡರ್ ಮಾಡಿ, ಅಲ್ಲಿ ‘ಗಿಟ್ ಇನಿಟ್’ ಕೊಡುವಾಗ ‘ಬೇರ್’ ಆಯ್ಕೆ ಸೇರಿಸಿ, ಅಂದರೆ ಅಲ್ಲಿ ಎಡಿಟ್ ಮಾಡುವ ಫೈಲ್‌ಗಳಿಲ್ಲದೆ ಇತಿಹಾಸ ಮಾತ್ರ ಇರುತ್ತದೆ. ಆಮೇಲೆ ಪ್ರಾಜೆಕ್ಟ್‌ನಲ್ಲಿ ‘ಗಿಟ್ ರಿಮೋಟ್ ಆ್ಯಡ್’ ಕೊಟ್ಟು, ಯುಆರ್‌ಎಲ್ ಜಾಗದಲ್ಲಿ ಆ ಫೋಲ್ಡರ್‌ನ ಪಾತ್ ಹಾಕಿದರೆ ಆಯ್ತು. ಲೈನ್ ಮೇಲೆ ಮರ ಬಿದ್ದು ಕರೆಂಟ್ ಹೋಗಿ, ಹಿಂದೆಯೇ ಟವರ್ ಕೂಡ ಬಂದ್ ಆದ ದಿನವೂ ಲ್ಯಾಪ್‌ಟಾಪ್ ಬ್ಯಾಟರಿ ಇರುವಷ್ಟು ಹೊತ್ತು ಪುಶ್ ನಡೆಯುತ್ತದೆ. 2005ರಲ್ಲಿ ಲೈನಸ್ ಟೊರ್ವಾಲ್ಡ್ಸ್ ಗಿಟ್ ಬರೆದದ್ದೇ ನಡುವೆ ಸರ್ವರ್ ಬೇಕೇ ಬೇಕು ಅಂತಿಲ್ಲದ ಹಾಗೆ. ಸಾಮಾನ್ಯ ಕ್ಲೋನ್ (ಪ್ರಾಜೆಕ್ಟ್‌ನ ಪ್ರತಿ) ಒಂದರಲ್ಲಿ ಪೂರ್ತಿ ಇತಿಹಾಸ ಇರುತ್ತದೆ. ಗಿಟ್‌ಗೆ ಆನ್‌ಲೈನ್‌ನಲ್ಲಿ ಕೋಡ್ ಇಡುವ ಗಿಟ್‌ಹಬ್ ಕೂಡ ಇನ್ನೊಂದು ರಿಮೋಟ್ ಅಷ್ಟೇ ಅಲ್ವಾ. ‘ಬೇರ್’ ಮಾತ್ರ ಮರೆಯಬೇಡಿ. ಮಾಮೂಲಿ ಫೋಲ್ಡರ್ ಆದರೆ ಅಲ್ಲಿ ತೆರೆದಿರುವ ಬ್ರಾಂಚ್‌ಗೆ (ಕೋಡ್‌ನ ಕವಲಿಗೆ) ಪುಶ್ ಮಾಡಲು ಗಿಟ್ ಬಿಡುವುದಿಲ್ಲ. ವಿಂಡೋಸ್‌ನಲ್ಲಿ ಫ್ಯಾಟ್32 ಡ್ರೈವ್ ಇದ್ದರೆ ‘ಡ್ಯೂಬಿಯಸ್ ಓನರ್‌ಶಿಪ್’ (ಫೋಲ್ಡರ್ ಯಾರದ್ದೆಂದು ಖಾತ್ರಿಯಿಲ್ಲ) ಅಂತ ಎರರ್ ಬರಬಹುದು. ಆಗ ಆ ಪಾತನ್ನು ಗಿಟ್ ಕಾನ್ಫಿಗ್‌ನ ‘ಸೇಫ್ ಡೈರೆಕ್ಟರಿ’ಗೆ ಸೇರಿಸಿ. ಪೆನ್ ಡ್ರೈವ್‌ನಲ್ಲಿ ಪುಲ್ ರಿಕ್ವೆಸ್ಟ್ (ಬದಲಾವಣೆ ಸೇರಿಸಲು ಕೋರಿಕೆ), ಇಶ್ಯೂ (ದೂರು, ಸಲಹೆಗಳ ಪಟ್ಟಿ) ಯಾವುದೂ ಬರುವುದಿಲ್ಲ, ಅವು ಗಿಟ್‌ಹಬ್‌ನಂಥ ಸೈಟ್‌ಗಳವು, ಗಿಟ್‌ನ ಒಳಗಿನವಲ್ಲ. ಡ್ರೈವನ್ನು ಇಜೆಕ್ಟ್ ಮಾಡದೆ ಸುಮ್ನೆ ಕಿತ್ತುಬಿಟ್ಟರೆ ರೆಪೊ (ಅದರಲ್ಲಿರುವ ಗಿಟ್ ಸಂಗ್ರಹ) ಹಾಳಾಗಬಹುದು. ಆಫೀಸ್ ಕೋಡ್ ಆದರೆ ಮೊದಲು ಅನುಮತಿ ಕೇಳಿ, ಡ್ರೈವ್ ಎನ್‌ಕ್ರಿಪ್ಟ್ ಮಾಡಿ. ಬಸ್‌ನಲ್ಲಿ ಕಳೆದುಹೋಗುವಷ್ಟು ಸಣ್ಣ ವಸ್ತು ಅದು. ನೆಟ್ ಬಂದ ಕೂಡಲೇ ಮೂಲ ರಿಮೋಟ್‌ಗೂ ಪುಶ್ ಮಾಡಿಬಿಡಿ.