ಇಳಿತ ನೋಡಿ ಹೊರಡಿ: ಚೊಡಣ, ನಾರ್ವೆ, ದಿವಾಡಿಯಲ್ಲಿ ಒಂದು ದಿನ

ಗೋವಾದ ಮಾಂಡವಿ ನದಿಯ ದ್ವೀಪಗಳನ್ನು ಒಂದೇ ದಿನದಲ್ಲಿ ಸುತ್ತಬೇಕೆನ್ನುವವರು ದಿನ ಗೊತ್ತುಮಾಡುವ ಮೊದಲು ಮುರಗಾಂವ್ ಬಂದರಿನ ಉಬ್ಬರವಿಳಿತದ ಕೋಷ್ಟಕವನ್ನು ನೋಡಿಕೊಳ್ಳಬೇಕು. ನೀರಿಳಿದು ಕೆಸರು ತೆರೆದುಕೊಂಡಾಗ ಹಕ್ಕಿಗಳು ಮೇಯಲು ಬರುತ್ತವೆ, ನೀರು ತುಂಬಿದಾಗ ಮರಗಳೊಳಗೆ ಸೇರಿಕೊಳ್ಳುತ್ತವೆ. ಆದರೆ ದೋಣಿ ಒಳಗಾಲುವೆಗೆ ಹೋಗಲು ಒಂದಿಷ್ಟು ನೀರು ಇರಲೇಬೇಕು. ಆದ್ದರಿಂದ ಇಳಿತವು ಬೆಳಗಿನ 9 ಅಥವಾ 10 ಗಂಟೆಗೆ ಮುಗಿಯುವ ದಿನವನ್ನು ಆರಿಸಿಕೊಂಡು, 7 ಗಂಟೆಗೆ ದೋಣಿ ಹತ್ತುವುದು ಒಳ್ಳೆಯದು. ಈ ವೇಳೆ ದಿನಕ್ಕೆ ಸುಮಾರು 50 ನಿಮಿಷದಂತೆ ಮುಂದೆ ಹೋಗುವುದರಿಂದ, ಹುಣ್ಣಿಮೆ ಅಥವಾ ಅಮಾವಾಸ್ಯೆ ಕಳೆದ ನಾಲ್ಕೈದು ದಿನಕ್ಕೆ ಸಾಮಾನ್ಯವಾಗಿ ಇಂಥ ಬೆಳಗು ಸಿಗುತ್ತದೆ. ಗದಗಿನಿಂದ ಬಂದ ನೆಂಟರನ್ನು ಒಮ್ಮೆ ನಿಧಾನವಾಗಿ ತಿಂಡಿ ಮುಗಿಸಿ 11 ಗಂಟೆಗೆ ಕರೆದೊಯ್ದ ನಾನು, ತುಂಬಿದ ನೀರನ್ನೂ ಎರಡು ಕಾಗೆಗಳನ್ನೂ ತೋರಿಸಿ ವಾಪಸು ತಂದದ್ದುಂಟು. ಅಕ್ಟೋಬರಿನಿಂದ ಮಾರ್ಚ್‌ವರೆಗೆ ವಲಸೆ ಹಕ್ಕಿಗಳೂ ಇರುತ್ತವೆ.

ಗೈಡ್ ಗೊತ್ತುಮಾಡುವಾಗ ಹಕ್ಕಿಯ ಹೆಸರು ಎಷ್ಟು ಬಲ್ಲರೆಂದು ಕೇಳುವುದಕ್ಕಿಂತ, ಅಂದು ಇಳಿತ ಎಷ್ಟು ಗಂಟೆಗೆ ಎಂದು ಕೇಳಿ ನೋಡಿ. ಥಟ್ಟನೆ ಉತ್ತರ ಕೊಡುವವರು ನೀರಿನ ಜೊತೆ ಬಾಳುವವರು. ಕೊಂಕಣಿ ಬಲ್ಲವರಾದರೆ ದೋಣಿಯವರ ಜೊತೆ ಮಾತು ಸಲೀಸಾಗುತ್ತದೆ. ಮೋಟಾರಿನ ಸದ್ದಿಗೆ ಹಕ್ಕಿಗಳು ಏಳುವುದರಿಂದ ಹುಟ್ಟು ಹಾಕುವ ದೋಣಿಯನ್ನೇ ಕೇಳಿ ಪಡೆಯಬೇಕು. ಲೈಫ್ ಜಾಕೆಟ್ ಇಲ್ಲದ ದೋಣಿಯನ್ನು ಹತ್ತಬಾರದು. ಬಿಳಿ ಮತ್ತು ಕೆಂಪು ಬಟ್ಟೆ ಬೇಡ.

ರಾಯಬಂದರದ ಧಕ್ಕೆಯಿಂದ ಫೆರಿ ಹತ್ತಿದರೆ ಸ್ವಲ್ಪ ಹೊತ್ತಿನಲ್ಲೇ ಚೊಡಣ ಬರುತ್ತದೆ. ದ್ವೀಪದ ಪಶ್ಚಿಮ ತುದಿಯಲ್ಲಿ, ಧಕ್ಕೆಗೆ ಹತ್ತಿರದಲ್ಲೇ, ಡಾ. ಸಲೀಂ ಅಲಿ ಪಕ್ಷಿಧಾಮವಿದೆ. 1988ರಲ್ಲಿ ಘೋಷಿತವಾದ ಈ ಧಾಮದ ವಿಸ್ತೀರ್ಣ 2 ಚದರ ಕಿಲೋಮೀಟರಿಗೂ ಕಡಿಮೆ, ಅದರಲ್ಲಿ ಬಹುಪಾಲು ಕಾಂಡ್ಲಾ (ಮ್ಯಾಂಗ್ರೋವ್) ಕಾಡು. ದೋಣಿ ಕಾಲುವೆಗೆ ಹೊಕ್ಕ ಮೇಲೆ ದುರ್ಬೀನನ್ನು ಕೆಳಗಿಟ್ಟು ಮೊದಲು ದಡದ ಕೆಸರನ್ನು ನೋಡಬೇಕು. ಪೆನ್ಸಿಲ್ ನೆಟ್ಟಂತೆ ಮೇಲಕ್ಕೆ ನಿಂತಿರುವ ಉಸಿರಾಟದ ಬೇರುಗಳ ನಡುವೆ, ಒಂದೇ ಕೊಂಡಿ ದೊಡ್ಡದಾಗಿರುವ ಗಂಡು ಏಡಿಯು ಅದನ್ನು ಮೇಲೆತ್ತಿ ಬೀಸುತ್ತ ಹೆಣ್ಣನ್ನು ಕರೆಯುತ್ತಿರುತ್ತದೆ. ಪಕ್ಕದಲ್ಲೇ ಕಣ್ಣುಗಳನ್ನು ತಲೆಯ ಮೇಲೆ ಹೊತ್ತ ಬೆರಳುದ್ದದ ಮೀನೊಂದು ಈಜುರೆಕ್ಕೆಗಳನ್ನು ಊರಿಕೊಂಡು ಕೆಸರಿನ ಮೇಲೆ ತೆವಳುತ್ತದೆ. ಈ ಊಟಕ್ಕಾಗಿಯೇ ಬೆಳ್ಳಕ್ಕಿ, ಮಿಂಚುಳ್ಳಿ, ನೀರುಕಾಗೆಗಳು ಅಲ್ಲಿ ಸೇರುವುದು. ದೋಣಿಯವರು ‘ಸುಕ್ತಿ’ ಎಂದರೆ ನೀರು ಇಳಿಯುತ್ತಿದೆ ಎಂದರ್ಥ, ಆಗ ಹಿಂದಿರುಗಲು ಒಪ್ಪಬೇಕು. ನೀರುನಾಯಿ ಎದುರಿಗೆ ಕಾಣುವುದು ಅದೃಷ್ಟ. ಕಾಣದಿದ್ದರೆ ಬದುವಿನ ಮೇಲೆ ಮೀನಿನ ಹುರುಪೆ ತುಂಬಿದ ಹಿಕ್ಕೆಯನ್ನಾದರೂ ತೋರಿಸುವಂತೆ ಗೈಡನ್ನು ಕೇಳಿ. ಮೊಸಳೆ ನೋಡುವ ಆಸೆಯಿದ್ದರೆ ಅದಕ್ಕೆ ಕುಂಭಾರಜುವೆ ಕಾಲುವೆಗೆ ಇನ್ನೊಂದು ದಿನ ಬೇಕು.

ನಂತರ ಬಂದ ದಾರಿಯಲ್ಲೇ ಹಿಂದಿರುಗದೆ, ವಾಹನದಲ್ಲಿ ಚೊಡಣದ ಇನ್ನೊಂದು ಬದಿಯ ಸೇತುವೆ ದಾಟಿ ಮಯೆಂ ಮೂಲಕ ನಾರ್ವೆಗೆ ಹೋಗಿ. ದಾರಿಯುದ್ದಕ್ಕೂ ಕಾಣುವ, ಬದು ಕಟ್ಟಿ ಉಪ್ಪುನೀರನ್ನು ತಡೆದ ಗದ್ದೆಗಳನ್ನು ಇಲ್ಲಿ ಖಾಜನ್ ಎನ್ನುತ್ತಾರೆ. ಅಘನಾಶಿನಿಯ ದಡದ ಗಜನಿಯನ್ನು ಕಂಡವರಿಗೆ ಇದು ಹೊಸತಲ್ಲ. ಅಲ್ಲಿ ಕಗ್ಗ ಭತ್ತ, ಇಲ್ಲಿ ಕೊರ್ಗುಟ್. ಬದುವಿನ ಮರದ ಬಾಗಿಲು ಉಬ್ಬರದ ಒತ್ತಡಕ್ಕೆ ತಾನೇ ಮುಚ್ಚಿಕೊಂಡು, ಇಳಿತದಲ್ಲಿ ಒಳನೀರನ್ನು ಹೊರಗೆ ಬಿಡುತ್ತದೆ.

ನಾರ್ವೆಯ ಸಪ್ತಕೋಟೀಶ್ವರನು ಗೋವಾ ಕದಂಬರ ಕುಲದೈವ. ‘ಶ್ರೀ ಸಪ್ತಕೋಟೀಶ್ವರ ಲಬ್ಧ ವರಪ್ರಸಾದ’ ಎಂಬುದು ಆ ಅರಸರ ಬಿರುದು. ಗೋವಾದಲ್ಲಿ ನಾವು ನಿತ್ಯ ಹತ್ತುವ ಸರ್ಕಾರಿ ಬಸ್ಸಿನ ಮೇಲೂ ಅದೇ ವಂಶದ ಹೆಸರಿದೆ. ಮೂಲ ದೇವಾಲಯವಿದ್ದದ್ದು ನದಿಯಾಚೆ ದಿವಾಡಿ ದ್ವೀಪದಲ್ಲಿ. ಅದನ್ನು ಬಹಮನಿಗಳು ಕೆಡವಿದ ಮೇಲೆ ವಿಜಯನಗರದ ಮಾಧವ ಮಂತ್ರಿ ಮತ್ತೆ ಕಟ್ಟಿಸಿದನು. ಪೋರ್ಚುಗೀಸರು ಕೆಡವಿದ ಮೇಲೆ ಲಿಂಗವನ್ನು ಭಕ್ತರು ಹೊಳೆ ದಾಟಿಸಿ ಈ ದಡಕ್ಕೆ ತಂದರು. ಇಲ್ಲಿನ ಗುಡಿಯನ್ನು 1668ರಲ್ಲಿ ಶಿವಾಜಿ ಮಹಾರಾಜರು ಜೀರ್ಣೋದ್ಧಾರ ಮಾಡಿಸಿದರು. ದೇವರನ್ನು ಮೊದಲು ನೋಡಿ ಆಮೇಲೆ ಅವನು ಬಿಟ್ಟುಬಂದ ಊರಿಗೆ ಹೋಗುವ ಈ ಕ್ರಮವೇ ನನಗೆ ಸರಿಯೆನಿಸುತ್ತದೆ, ಏಕೆಂದರೆ ನಾರ್ವೆಯ ಫೆರಿಯಲ್ಲಿ ದಿವಾಡಿಗೆ ದಾಟುವಾಗ ನಾವು ಲಿಂಗ ಬಂದ ದಾರಿಯನ್ನೇ ಹಿಮ್ಮುಖವಾಗಿ ಸಾಗುತ್ತೇವೆ. ಆಚೆ ದಡದಲ್ಲಿ ಕೋಟಿತೀರ್ಥದ ಕೊಳವೂ ಅದರ ಗೋಡೆಯ ಗೂಡುಗಳೂ ಉಳಿದಿವೆ. ನೀರಿನ ವಿಷಯಕ್ಕೆ ಬಂದರೆ, ದಾಟುವ ಈ ಮಾಂಡವಿ ಹೊಳೆ ಖಾನಾಪುರ ತಾಲ್ಲೂಕಿನ ಭೀಮಗಡದ ಕಾಡಿನಲ್ಲಿ ಹುಟ್ಟಿದ ನಮ್ಮ ಮಹದಾಯಿಯೇ.

ಬಿಸಿಲು ತಗ್ಗಿದ ಮೇಲೆ ದಿವಾಡಿಯ ಪಿಯೆದಾದ್ ಗುಡ್ಡದ ಇಗರ್ಜಿಗೆ (ಚರ್ಚಿಗೆ) ಹತ್ತಿ. ಪಕ್ಕದ ಸ್ಮಶಾನದ ಸಣ್ಣ ಕಟ್ಟಡದಲ್ಲಿ ಕದಂಬ ಕಾಲದ ಕಲ್ಲಿನ ಕೆಲಸ ಉಳಿದಿದೆ. ಸಮಾಧಿಗಳ ನಡುವೆ ಮೆಲ್ಲಗೆ ನಡೆಯಬೇಕು, ಪ್ರಾರ್ಥನೆ ನಡೆಯುತ್ತಿದ್ದರೆ ಹೊರಗೇ ನಿಲ್ಲಬೇಕು. ಆಗಸ್ಟ್‌ನ ನಾಲ್ಕನೆಯ ಶನಿವಾರ ಇಲ್ಲಿ ಬೊಂದೆರಾಂ ಎಂಬ ಬಾವುಟಗಳ ಹಬ್ಬ ಇರುವುದರಿಂದ, ಹಕ್ಕಿ ನೋಡುವವರು ಆ ದಿನ ಬರದಿರುವುದೇ ಲೇಸು.

ಕೊನೆಯ ಫೆರಿ ಹಳೆ ಗೋವಾಕ್ಕೆ. ಭಾನುವಾರ ಸಂಜೆ ಕಾರುಗಳ ಸಾಲು ಉದ್ದವಾಗುವುದರಿಂದ ಕತ್ತಲಾಗುವ ಮುನ್ನ ಧಕ್ಕೆ ಸೇರಬೇಕು. ಇಳಿದು ನೇರ ನಡೆದರೆ ವೈಸರಾಯ್ ಕಮಾನು ಎದುರಾಗುತ್ತದೆ. ಅದರ ಮೇಲಿನ ವಾಸ್ಕೋ ಡ ಗಾಮನ ಮೂರ್ತಿ ನದಿಯ ಕಡೆಗೆ ಮುಖಮಾಡಿದೆ. ಬಸ್ಸಿನಲ್ಲಿ ಬಂದು ಚರ್ಚುಗಳನ್ನಷ್ಟೇ ನೋಡಿ ಹೋಗುವವರಿಗೆ ಅದು ಕಾಣುವುದಿಲ್ಲ.