ಹುಳ ತಿಂದ ತೂತಿನಲ್ಲಿ ಹುಟ್ಟಿದ ಪದ್ಯ

ನಾನು ಉತ್ತರ ಕನ್ನಡದ ಒಂದು ಸಣ್ಣ ಊರಿನ ಕಾಲೇಜಿನಲ್ಲಿ ಲೈಬ್ರೇರಿಯನ್. ಮಳೆಗಾಲದಲ್ಲಿ ನಮ್ಮ ಪುಸ್ತಕಗಳಿಗೆ ಬೂಸ್ಟು ಹಿಡಿಯುತ್ತದೆ, ಬೇಸಿಗೆಯಲ್ಲಿ ಗೆದ್ದಲು ಬರುತ್ತದೆ, ನಡುವೆ ಸಿಗುವ ಒಳ್ಳೆಯ ತಿಂಗಳುಗಳಲ್ಲಿ ತಪಾಸಣೆಯವರು ಬರುತ್ತಾರೆ. ಇಷ್ಟರ ನಡುವೆ ಹಳೆಯ ಕಾಗದಗಳನ್ನು ಸ್ಕ್ಯಾನ್ ಮಾಡಿ ಓದಬಲ್ಲ ಪಠ್ಯ ಮಾಡುವ ಕೆಲಸವನ್ನು ನಾನೇ ಮೈಮೇಲೆ ಎಳೆದುಕೊಂಡೆ. ಯಾರೂ ಹೇಳಿರಲಿಲ್ಲ. ಈ ಕೆಲಸಕ್ಕೆ ಎಐ ಬಳಸಿದ್ದು ಹೇಗೆ, ಎಲ್ಲಿ ಎಡವಿದೆ, ಈಗ ಹೇಗೆ ಮಾಡುತ್ತಿದ್ದೇನೆ ಅನ್ನುವುದನ್ನು ಬರೆಯುತ್ತೇನೆ, ಇಂಥದ್ದೇ ಕೆಲಸಕ್ಕೆ ಇಳಿದ ಯಾರಿಗಾದರೂ ಬೇಕಾಗಬಹುದು.

ಶುರು ಮಾಡಿದ್ದು ಅಚ್ಚಾದ ಮಾಸಪತ್ರಿಕೆಗಳಿಂದ. 1930ರ ದಶಕದವು, ಮುಟ್ಟಿದರೆ ಅಂಚು ಹಪ್ಪಳದ ಹಾಗೆ ಮುರಿಯುತ್ತದೆ. ಅಚ್ಚಿನ ಅಕ್ಷರ ಓದುವುದಕ್ಕೆ ಟೆಸೆರಾಕ್ಟ್ ಅನ್ನುವ ಉಚಿತ ತಂತ್ರಾಂಶ ಇದೆ, ಕನ್ನಡ ಓದುತ್ತದೆ. ಆದರೆ ಅದು ಮಾಡುವ ತಪ್ಪುಗಳನ್ನು ನೋಡಿದರೆ ನಗು ಬರುತ್ತದೆ. ಅರ್ಕಾವತ್ತು ಅದಕ್ಕೆ ಒಂಬತ್ತರ ಹಾಗೆ ಕಾಣುತ್ತದೆ, ಹಾಗಾಗಿ ಕಾರ್ಯದರ್ಶಿಗಳು ‘ಕಾಯ೯ದಶಿ೯’ ಆಗಿ ಬರುತ್ತಾರೆ. ಸೊನ್ನೆ ಅಂಕಿಯೂ ಅನುಸ್ವಾರವೂ ಒಂದೇ ಥರ ಇರುವುದರಿಂದ ‘೧೦’ ಹೋಗಿ ‘೧ಂ’ ಆಗುತ್ತದೆ. ಒತ್ತಕ್ಷರಗಳು ಸ್ವಲ್ಪ ಕೆಳಗೆ ಜಾರಿದ್ದರೆ ಅದನ್ನೇ ಬೇರೆ ಸಾಲು ಅಂದುಕೊಳ್ಳುತ್ತದೆ. ಒಂದು ಪುಟ ತಿದ್ದುವಷ್ಟರಲ್ಲಿ ಚಹಾ ಎರಡು ಸಲ ಆಗುತ್ತಿತ್ತು.

ಆಗ ಬೈದುಕೊಳ್ಳುತ್ತಿದ್ದೆ. ಈಗ ಅನ್ನಿಸುತ್ತದೆ, ಅವು ಎಷ್ಟು ಒಳ್ಳೆಯ ತಪ್ಪುಗಳು! ಕಣ್ಣಿಗೆ ಹೊಡೆಯುತ್ತವೆ. ‘ಕಾಯ೯ದಶಿ೯’ ನೋಡಿ ಯಾರೂ ಮೋಸ ಹೋಗುವುದಿಲ್ಲ.

ಆಮೇಲೆ ಹೊನ್ನಾವರದ ಕಡೆಯ ಒಂದು ಮನೆಯಿಂದ ಫೋನ್ ಬಂತು. ಅಟ್ಟದಲ್ಲಿ ಅಜ್ಜನ ಪ್ರಸಂಗದ ಪಟ್ಟಿಗಳಿವೆ, ಬೇಕಾ ಅಕ್ಕೋರೇ, ಅಂತ. ಪಟ್ಟಿ ಅಂದರೆ ನಮ್ಮ ಕಡೆ ನೋಟ್‌ಬುಕ್. ಪ್ರಸಂಗ ಅಂದರೆ ಯಕ್ಷಗಾನದ ಆಟಕ್ಕೆ ಬರೆದ ಪದ್ಯಗಳ ಕೃತಿ. ಅಜ್ಜ ಆ ಪದ್ಯ ಹಾಡಿ ಆಟ ನಡೆಸುವ ಭಾಗವತರು. ಹನ್ನೊಂದು ಪಟ್ಟಿ, ಎಲ್ಲವೂ ಕೈಬರಹ. ಕೆಲವು ಹಳೆಯ ಪ್ರಸಂಗಗಳ ನಕಲು, ಎರಡು ಅವರದೇ ರಚನೆ. ಪದ್ಯದ ತಲೆಯ ಮೇಲೆ ರಾಗ, ತಾಳ. ಪಕ್ಕದಲ್ಲಿ ಪೆನ್ಸಿಲಿನಲ್ಲಿ ‘ಇಲ್ಲಿ ಬಿಡುವುದು’, ‘ಹೊತ್ತಾದರೆ ಬಿಡಿ’ ಅನ್ನುವ ಗುರುತು. ಬೆಳಗಿನ ತನಕ ಆಟ ಆಡಿಸುವವರಿಗೆ ಇದು ಬಹಳ ಮುಖ್ಯ, ಯಾವ ಪದ್ಯ ಬಿಟ್ಟರೆ ಕಥೆ ಕೆಡುವುದಿಲ್ಲ ಅನ್ನುವ ಲೆಕ್ಕ ಅದು.

ಕೈಬರಹದ ಎದುರು ಟೆಸೆರಾಕ್ಟ್ ಕೈಚೆಲ್ಲಿತು. ಆ ಹೊತ್ತಿಗೆ ಚಿತ್ರ ಕೊಟ್ಟರೆ ಓದಿ ಹೇಳುವ ಎಐ ಚಾಟ್‌ಬಾಟ್‌ಗಳು ಬಂದಿದ್ದವು. ಒಂದು ಪುಟದ ಫೋಟೋ ಹಾಕಿದೆ. ಅರೆ ನಿಮಿಷದಲ್ಲಿ ಭಾಮಿನಿ ಷಟ್ಪದಿಯ ಆರು ಸಾಲು ಬಂತು, ಒತ್ತು ದೀರ್ಘ ಎಲ್ಲ ಸರಿ. ನನಗೆ ನಿಜವಾಗಿ ರೋಮಾಂಚನ ಆಯಿತು. ಒಂದು ವಾರದಲ್ಲಿ ಎರಡು ಪಟ್ಟಿ ಮುಗಿಸಿದೆ. ಪ್ರಿನ್ಸಿಪಾಲರಿಗೆ ಹೇಳಿ ಶಭಾಶ್‌ಗಿರಿ ತೆಗೆದುಕೊಂಡೂ ಆಯಿತು.

ಸಿಕ್ಕಿಬಿದ್ದದ್ದು ಆಕಸ್ಮಿಕವಾಗಿ. ಬಿಎ ಓದುವ ಹುಡುಗಿಯೊಬ್ಬಳು ಪಠ್ಯವನ್ನು ಮೂಲದ ಜತೆ ಸುಮ್ನೆ ಹೋಲಿಸುತ್ತಿದ್ದಳು. “ಮೇಡಂ, ಈ ಪದ್ಯ ಎಲ್ಲಿದೆ?” ಅಂದಳು. ಪಟ್ಟಿ ತೆಗೆದು ನೋಡಿದೆ. ಪರದೆಯ ಮೇಲೆ ಪದ್ಯದ ಕೊನೆಯ ಎರಡು ಸಾಲು ಪೂರ್ತಿ ಇದೆ. ಕಾಗದದಲ್ಲಿ ಆ ಜಾಗಕ್ಕೆ ಇರುವುದು ತೂತು. ಹುಳ ತಿಂದು ಆಚೆ ಪುಟ ಕಾಣುತ್ತಿದೆ. ಯಂತ್ರ ಅಲ್ಲಿ ತಾನೇ ಪದ್ಯ ಕಟ್ಟಿ ತುಂಬಿಸಿತ್ತು. ‘ಇಲ್ಲಿ ಓದಲಾಗಲಿಲ್ಲ’ ಅಂತ ಒಂದು ಮಾತಿಲ್ಲ.

ಪದ್ಯ ಚೆನ್ನಾಗಿಯೇ ಇತ್ತು, ಅದೇ ತೊಂದರೆ. ಕೆಟ್ಟದಾಗಿದ್ದರೆ ನಾನೇ ಮೊದಲು ಹಿಡಿಯುತ್ತಿದ್ದೆ. ಮುಗಿಸಿದ್ದೆ ಅಂದುಕೊಂಡ ಎರಡೂ ಪಟ್ಟಿಗಳನ್ನು ಮತ್ತೆ ಅಕ್ಷರ ಅಕ್ಷರ ಹೋಲಿಸಿದೆವು. ತುಂಬಿಸಿದ ತೂತುಗಳು ಒಟ್ಟು ಒಂಬತ್ತು. ಪೆನ್ಸಿಲಿನ ‘ಇಲ್ಲಿ ಬಿಡುವುದು’ ಒಂದೂ ಬಂದಿರಲಿಲ್ಲ, ಅದಕ್ಕೆ ಅವು ಕಸ. ಭಾಗವತರ ಬಾಯಿಯ ಆಡುಮಾತಿನ ರೂಪಗಳನ್ನು ಪುಸ್ತಕದ ಕನ್ನಡಕ್ಕೆ ತಿರುಗಿಸಿತ್ತು.

ಹಳೆಯ ಮಾಸಪತ್ರಿಕೆಗಳ ಮೇಲೂ ಇದನ್ನೇ ಪ್ರಯೋಗಿಸಿದ್ದೆ, ಅಲ್ಲಿ ಇನ್ನೊಂದು ಬಗೆ. ಹಳಗನ್ನಡ ಪದ್ಯಗಳಲ್ಲಿ ಈಗ ಬಳಕೆಯಲ್ಲಿಲ್ಲದ ೞ ಮತ್ತು ಱ ಬರುತ್ತವೆ. ಯಂತ್ರ ಅವನ್ನು ನಯವಾಗಿ ಳ ಮತ್ತು ರ ಮಾಡುತ್ತದೆ. ಏನು ಮಹಾ ಅನ್ನಿಸಬಹುದು. ಆದರೆ ಹಳಗನ್ನಡದಲ್ಲಿ ‘ಬಾೞ್’ ಅಂದರೆ ಬದುಕು, ‘ಬಾಳ್’ ಅಂದರೆ ಕತ್ತಿ. ‘ಅಱಿ’ ಅಂದರೆ ತಿಳಿ, ‘ಅರಿ’ ಅಂದರೆ ಕತ್ತರಿಸು. ಪದ್ಯದ ಅರ್ಥವೇ ಮಗುಚಿ ಬೀಳುತ್ತದೆ. (ಪಾಪ, ಈ ೞ ಅಕ್ಷರದ ಹಣೆಬರಹವೇ ಅಷ್ಟು. ಕಂಪ್ಯೂಟರಿಗಾಗಿ ಎಲ್ಲ ಭಾಷೆಯ ಅಕ್ಷರಗಳಿಗೆ ಸಂಖ್ಯೆ, ಹೆಸರು ಕೊಡುವ ಯೂನಿಕೋಡ್ ಕೋಷ್ಟಕದಲ್ಲಿ ಅದಕ್ಕೆ ‘ಫ’ ಅಂತ ತಪ್ಪು ಹೆಸರು ಬಿದ್ದಿದೆ. ಒಮ್ಮೆ ಇಟ್ಟ ಹೆಸರನ್ನು ಬದಲಿಸುವುದಿಲ್ಲ ಎಂಬುದು ಅವರ ನಿಯಮ, ಹಾಗಾಗಿ ಸರಿಯಾದ ಹೆಸರನ್ನು ಪಕ್ಕದಲ್ಲಿ ತಿದ್ದುಪಡಿಯಾಗಿ ಸೇರಿಸಿದ್ದಾರೆ.)

ಇಸವಿ ಕಥೆ ಇನ್ನೂ ಒಂದಿದೆ. ಒಂದು ಪಟ್ಟಿಯ ಕೊನೆಗೆ ‘ಶ್ರೀಮುಖ ಸಂವತ್ಸರ’ ಅಂತಿತ್ತು, ಯಂತ್ರ ಥಟ್ಟನೆ 1933 ಅಂದಿತು. ಸಂವತ್ಸರ 60 ವರ್ಷಕ್ಕೊಮ್ಮೆ ತಿರುಗಿ ಬರುತ್ತದೆ, 1873ರಲ್ಲಿ ಶುರುವಾದದ್ದೂ ಶ್ರೀಮುಖವೇ. ಆ ಪಟ್ಟಿಯ ಕೈಬರಹ ಬೇರೆ, ಕಾಗದ ಬೇರೆ, ಅದು ಅಜ್ಜನ ಅಪ್ಪನದು ಅಂತ ಮನೆಯವರು ಹೇಳಿದ ಮೇಲೆ ಲೆಕ್ಕ ಸರಿಹೋಯಿತು. ಕ್ಯಾಟಲಾಗಿಗೆ 1933 ಹತ್ತಿಬಿಟ್ಟಿದ್ದರೆ ಆಮೇಲೆ ಬಂದವರೆಲ್ಲ ಅದನ್ನೇ ನಕಲು ಮಾಡುತ್ತಿದ್ದರು.

ಹಾಗಂತ ಎಐ ಬಿಟ್ಟೆನಾ? ಇಲ್ಲ. ಕೈಯಲ್ಲಿ ಟೈಪ್ ಮಾಡುವುದಕ್ಕೆ ನಮ್ಮಲ್ಲಿ ಜನ ಎಲ್ಲಿದ್ದಾರೆ? ಕೆಲಸದ ಕ್ರಮ ಬದಲಿಸಿದೆ.

ಈಗ ಪುಟ ಹಾಕುವ ಮೊದಲು ನಾನೇ ಪಟ್ಟಿಯನ್ನು ಕೈಯಲ್ಲಿ ಹಿಡಿದು ತೂತು, ಮಸಿ ಹರಡಿದ ಜಾಗ, ಪೆನ್ಸಿಲ್ ಗುರುತು ಎಲ್ಲವನ್ನೂ ಒಂದು ಹಾಳೆಯಲ್ಲಿ ಬರೆದುಕೊಳ್ಳುತ್ತೇನೆ. ಐದನೇ ಪುಟ, ಮೂರನೇ ಪದ್ಯ, ಕೊನೆ ಎರಡು ಸಾಲು ಇಲ್ಲ, ಹೀಗೆ. ಆಮೇಲೆ ಯಂತ್ರಕ್ಕೆ ಕೊಡುವುದು. ಹಳೆಯ ಗ್ರಂಥ ಸಂಪಾದಕರು ಇಂಥ ಜಾಗಕ್ಕೆ ‘ಗ್ರಂಥಪಾತ’ ಅನ್ನುತ್ತಿದ್ದರು, ನಾವೂ ಅದನ್ನೇ ಇಟ್ಟುಕೊಂಡಿದ್ದೇವೆ. ಓದಲಾಗದ ಕಡೆ ಗ್ರಂಥಪಾತ ಅಂತ ಬರೆ, ಊಹಿಸಬೇಡ ಅಂತ ಯಂತ್ರಕ್ಕೂ ಹೇಳುತ್ತೇನೆ. ಹತ್ತರಲ್ಲಿ ಏಳು ಸಲ ಕೇಳುತ್ತದೆ. ಉಳಿದ ಮೂರಕ್ಕೆ ನನ್ನ ಹಾಳೆ ಇದೆ.

ಇಬ್ಬರು ನೋಡದೆ ಯಾವ ಪುಟವೂ ಮುಗಿಯುವುದಿಲ್ಲ. ಇದು ಹಳೆಯ ಪುಸ್ತಕಗಳನ್ನು ಜನರೇ ಸೇರಿ ಪಠ್ಯ ಮಾಡುವ ವಿಕಿಸೋರ್ಸ್ ಜಾಲತಾಣದಿಂದ ಕಲಿತದ್ದು, ಅಲ್ಲಿ ಒಬ್ಬರು ತಿದ್ದಿದ ಪುಟ ಹಳದಿ, ಇನ್ನೊಬ್ಬರು ಖಚಿತಪಡಿಸಿದ ಮೇಲೆ ಹಸಿರು. ನಮ್ಮಲ್ಲಿ ಬಣ್ಣದ ಪೆನ್ನು. ಮಕ್ಕಳಿಗೆ ಒಂದು ಎಚ್ಚರಿಕೆ ಮಾತ್ರ ಪದೇ ಪದೇ ಹೇಳುತ್ತೇನೆ, ಮೊದಲು ಕಾಗದ ಓದಿ, ಆಮೇಲೆ ಪರದೆ ನೋಡಿ. ಪರದೆ ಮೊದಲು ನೋಡಿದರೆ ಕಣ್ಣು ಕಾಗದದಲ್ಲೂ ಅದನ್ನೇ ಕಾಣುತ್ತದೆ. ನನಗೇ ಆಗಿದೆ.

ಛಂದಸ್ಸೂ ಕೈಹಿಡಿದು ಕಾಪಾಡುತ್ತದೆ. ಭಾಮಿನಿಯಲ್ಲಿ ಒಂದು, ಎರಡು, ನಾಲ್ಕು, ಐದನೇ ಸಾಲಿಗೆ 14 ಮಾತ್ರೆ, ಮೂರು ಮತ್ತು ಆರನೇ ಸಾಲಿಗೆ 23. ಕಂಪ್ಯೂಟರ್ ಸೈನ್ಸ್ ಹುಡುಗನೊಬ್ಬ ಮಾತ್ರೆ ಎಣಿಸುವ ಸಣ್ಣ ಪ್ರೋಗ್ರಾಮ್ ಬರೆದುಕೊಟ್ಟ. ಲೆಕ್ಕ ತಪ್ಪಿದ ಸಾಲು ಕೆಂಪಾಗುತ್ತದೆ, ಅಲ್ಲಿ ಅಕ್ಷರ ತಪ್ಪಿರಬಹುದು ಅಂತ ಗೊತ್ತಾಗುತ್ತದೆ. ಆದರೆ ಕೆಂಪು ಕಂಡಲ್ಲೆಲ್ಲ ತಿದ್ದಬಾರದು, ಅಜ್ಜ ತಾನೇ ಎಷ್ಟೋ ಕಡೆ ಮಾತ್ರೆ ಮೀರಿದ್ದಾರೆ. ಹಾಡುವವರು ಅದನ್ನು ತಾಳದಲ್ಲಿ ನುಂಗಿಕೊಳ್ಳುತ್ತಾರೆ.

ಇನ್ನು ಹಕ್ಕಿನ ವಿಷಯ. 1957ರ ಕೃತಿಸ್ವಾಮ್ಯ ಕಾಯ್ದೆ ಪ್ರಕಾರ ಬರೆದವರು ತೀರಿಕೊಂಡ ಮರುವರ್ಷದಿಂದ 60 ವರ್ಷ ಹಕ್ಕು ಇರುತ್ತದೆ. ಅಜ್ಜ ತೀರಿಕೊಂಡದ್ದು 1959ರಲ್ಲಿ, ಅಂದರೆ 2019ಕ್ಕೆ ಮುಗಿಯಿತು. ಮಾಸಪತ್ರಿಕೆಗಳಲ್ಲಿ ಹಾಗಲ್ಲ, ಒಂದೇ ಸಂಚಿಕೆಯಲ್ಲಿ ಹತ್ತು ಜನ, ಹತ್ತು ಸಾವಿನ ಇಸವಿ. ಲೈಬ್ರರಿಯಲ್ಲಿರುವ ಪ್ರತಿಯನ್ನು ಕಾಪಾಡುವುದಕ್ಕಾಗಿ ಡಿಜಿಟಲ್ ಮಾಡಿ ಇಟ್ಟುಕೊಳ್ಳಲು ಕಾಯ್ದೆಯಲ್ಲೇ ದಾರಿ ಇದೆ, 2012ರ ತಿದ್ದುಪಡಿಯಲ್ಲಿ ಬಂತು. ಇಟ್ಟುಕೊಳ್ಳುವುದು ಬೇರೆ, ಇಂಟರ್‌ನೆಟ್ಟಿಗೆ ಬಿಡುವುದು ಬೇರೆ. ಇಷ್ಟು ತಿಳಿದುಕೊಂಡೆ, ಹಾಗಾಗಿ ಪಟ್ಟಿಗಳ ವಿಷಯದಲ್ಲಿ ನಿಶ್ಚಿಂತೆ ಅಂದುಕೊಂಡೆ.

ಮೂರನೇ ಪಟ್ಟಿಯ ಹಿಂದಿನ ಪುಟಗಳಲ್ಲಿ ಸಾಲದ ಲೆಕ್ಕ ಸಿಕ್ಕಿತು. ಯಾರು ಎಷ್ಟು ರೂಪಾಯಿ ತಗೊಂಡರು, ಯಾರು ಕೊಡಲಿಲ್ಲ, ಹೆಸರು ಸಮೇತ. ಆ ಮನೆಗಳ ಮೊಮ್ಮಕ್ಕಳು ನಮ್ಮ ಕಾಲೇಜಿನಲ್ಲೇ ಓದುತ್ತಿದ್ದಾರೆ! ಅದರಲ್ಲಿ ಎರಡು ಪುಟ ಆಗಲೇ ನಾನು ಯಾವುದೋ ದೇಶದ ಕಂಪ್ಯೂಟರಿಗೆ ಕಳಿಸಿ ಆಗಿತ್ತು. ಕಾನೂನು ಏನೂ ಅನ್ನುವುದಿಲ್ಲವೋ ಏನೋ, ನನಗೆ ಮಾತ್ರ ಎರಡು ದಿನ ಊಟ ಸೇರಲಿಲ್ಲ. ಮನೆಯವರಿಗೆ ಹೋಗಿ ಹೇಳಿದೆ. ಈಗ ಪಟ್ಟಿ ಬಂದ ಕೂಡಲೇ ಮೊದಲ ಕೆಲಸ ಇಂಥ ಪುಟಗಳನ್ನು ಬೇರೆ ಮಾಡುವುದು. ಅವು ಯಂತ್ರಕ್ಕೆ ಹೋಗುವುದಿಲ್ಲ.

ಆಮೇಲೆ ಒಂದು ಪುಟದ ಒಪ್ಪಿಗೆ ಪತ್ರ ಮಾಡಿದೆ, ಸರಳ ಕನ್ನಡದಲ್ಲಿ. ಸ್ಕ್ಯಾನ್ ಮಾಡಿ ಇಡಬಹುದಾ, ಲೈಬ್ರರಿಯಲ್ಲಿ ಓದಲು ಕೊಡಬಹುದಾ, ಇಂಟರ್‌ನೆಟ್ಟಿಗೆ ಹಾಕಬಹುದಾ, ಎಐಗೆ ಕಲಿಸಲು ಕೊಡಬಹುದಾ. ಭಾಗವತರ ಸೊಸೆಗೆ ಈಗ ಎಂಬತ್ತರ ಮೇಲೆ. ಮೂರಕ್ಕೆ ತಕ್ಷಣ ಹೂಂ ಅಂದರು. ನಾಲ್ಕನೆಯದನ್ನು ಓದಿಸಿಕೊಂಡು ಕೇಳಿದರು, “ಕಲ್ತು ಅದು ಎಂಥ ಮಾಡ್ತದೆ ಅಕ್ಕೋರೇ?” ಮಾವನವರ ಹಾಗೇ ಪದ್ಯ ಬರೆಯಬಹುದು ಅಮ್ಮ, ಅಂದೆ. “ಬರೆದು ಯಾರ ಹೆಸರು ಹಾಕ್ತದೆ?” ನನ್ನ ಹತ್ತಿರ ಉತ್ತರ ಇರಲಿಲ್ಲ. ಆ ಚೌಕ ಖಾಲಿ ಬಿಟ್ಟರು. ಈ ವಿಷಯದ ಮೇಲೆ ನಾನು ಕೂತ ಯಾವ ಸೆಮಿನಾರಿನಲ್ಲೂ ಇಷ್ಟು ನೇರವಾದ ಪ್ರಶ್ನೆ ಕೇಳಿಲ್ಲ.

ಅವರು ಕೇಳಿದ್ದು ಕಾಲೇಜಿನ ವಾರ್ಷಿಕೋತ್ಸವದಲ್ಲಿ ಬೇರೆ ರೂಪದಲ್ಲಿ ಎದುರಾಯಿತು. ಒಬ್ಬ ವಿದ್ಯಾರ್ಥಿ ಎಐ ಕೈಲಿ ಸಣ್ಣ ಪ್ರಸಂಗ ಬರೆಸಿ ತಂದ, ತಾಳಮದ್ದಳೆ (ವೇಷ, ಕುಣಿತ ಇಲ್ಲದೆ ಕೂತು ಹಾಡು ಮಾತಿನಲ್ಲೇ ನಡೆಸುವ ಯಕ್ಷಗಾನ) ಮಾಡೋಣ ಅಂತ. ಹುರುಪಿನ ಹುಡುಗ, ಬೇಡ ಅನ್ನಲು ಮನಸ್ಸಾಗಲಿಲ್ಲ. ರಾಗ ತಾಳ ಎಲ್ಲ ಬರೆದಿತ್ತು. ಕರೆಸಿದ ಭಾಗವತರು ಓದಿ ನೋಡಿ, ಪದ ಹಾಡಬಹುದು, ಅರ್ಥ ಹೇಳುವವ ಏನು ಹೇಳುವುದು ಅಂದರು. ಆ ಮಾತು ನನಗೆ ತಲೆಗೆ ಹೋಗಲು ಸ್ವಲ್ಪ ಹೊತ್ತು ಬೇಕಾಯಿತು. ಪ್ರಸಂಗದ ಪುಸ್ತಕದಲ್ಲಿ ಇರುವುದು ಪದ್ಯ ಮಾತ್ರ, ಅರ್ಥವನ್ನು, ಅಂದರೆ ಪಾತ್ರದ ಮಾತನ್ನು, ಅರ್ಥಧಾರಿ ಅಲ್ಲೇ ಕೂತು ಕಟ್ಟುತ್ತಾನೆ, ಎದುರಿನವನು ಹೇಳಿದ್ದಕ್ಕೆ ತಕ್ಕ ಹಾಗೆ. ಹಳೆಯ ಕವಿಗಳು ಅವನಿಗಾಗಿ ಪದ್ಯದಲ್ಲಿ ಜಾಗ ಬಿಟ್ಟಿರುತ್ತಾರೆ. ಈ ಪದ್ಯಗಳಲ್ಲಿ ಕೋಪ ಬಂದಿದೆ ಅಂತಲೂ ಇತ್ತು, ಯಾಕೆ ಬಂತು ಅಂತಲೂ ಇತ್ತು, ಬಂದದ್ದು ತಪ್ಪು ಅಂತಲೂ ಇತ್ತು. ಮತ್ತೆ ಮಾತಾಡಲು ಉಳಿದದ್ದೇನು? ಯಂತ್ರಕ್ಕೆ ತೂತು ಕಂಡರೆ ಆಗುವುದಿಲ್ಲ, ಎಲ್ಲಿದ್ದರೂ ತುಂಬಿಸುತ್ತದೆ.

ಫೋಟೋಗಳ ಸುದ್ದಿ ಚುಟುಕಾಗಿ ಹೇಳುತ್ತೇನೆ. ಯಕ್ಷಗಾನ ಮೇಳದ ಹಳೆಯ ಫೋಟೋಗೆ ವಿವರ ಬರೆ ಅಂದರೆ ‘ಕಥಕ್ಕಳಿ ನೃತ್ಯಗಾರ್ತಿಯರು’ ಅಂತ ಬರೆಯಿತು. ಅವರೆಲ್ಲ ಸ್ತ್ರೀವೇಷದ ಗಂಡಸರು. ಊರಿನ ಹಿರಿಯ ವೇಷಧಾರಿಯೊಬ್ಬರು ಅದೇ ಫೋಟೋ ನೋಡಿ ವೇಷ ಕಟ್ಟಿದ ರೀತಿಯಿಂದಲೇ ಅದು ಯಾರದ್ದು ಅಂತ ಹೇಳಿದರು. ಫೋಟೋ ಕೆಲಸಕ್ಕೆ ಎಐ ಬೇಡವೇ ಬೇಡ ಅಂತ ನಿಲ್ಲಿಸಿದ್ದೇನೆ.

ಓದುಗರು ತರುವ, ಬೇಕಾದ ಪುಸ್ತಕಗಳ ಹೆಸರಿನ ಪಟ್ಟಿಗಳದು ಬೇರೆಯೇ ತಮಾಷೆ. ಎಂಎ ವಿದ್ಯಾರ್ಥಿಯೊಬ್ಬ ಯಕ್ಷಗಾನದ ಮೇಲೆ ಐದು ಪುಸ್ತಕ ಬೇಕು ಅಂತ ಚಾಟ್‌ಬಾಟ್ ಕೊಟ್ಟ ಪಟ್ಟಿ ತಂದ. ಇಡೀ ಮಧ್ಯಾಹ್ನ ಹುಡುಕಿದೆ, ಮೂರರ ಸುಳಿವು ಎಲ್ಲೂ ಇಲ್ಲ. ಹೆಸರುಗಳು ಮಾತ್ರ ಎಷ್ಟು ಚಂದ ಅಂದರೆ ಯಾರಾದರೂ ಬರೆಯಬಾರದಾ ಅನ್ನಿಸಿತು. ಓದುಗರ ಸಮಯ ಉಳಿಸಿ ಅನ್ನುವುದು ಗ್ರಂಥಾಲಯ ಶಾಸ್ತ್ರಕ್ಕೆ ಐದು ಸೂತ್ರ ಬರೆದ ಎಸ್. ಆರ್. ರಂಗನಾಥನ್ ಅವರ ನಾಲ್ಕನೇ ಸೂತ್ರ, 1931ರದ್ದು. ಎಐ ಮಾರಲು ಬರುವವರೂ ನಮಗೆ ಅದನ್ನೇ ಹೇಳುತ್ತಾರೆ. ಆ ದಿನ ಓದುಗನದೂ ನನ್ನದೂ ಎರಡೂ ಹೋಯಿತು.

ಸದ್ಯ ಹನ್ನೊಂದರಲ್ಲಿ ಏಳು ಪಟ್ಟಿ ಹಸಿರು ಆಗಿವೆ. ಪ್ರತಿಯೊಂದರ ಮೊದಲ ಪುಟದಲ್ಲಿ ಯಾವ ಭಾಗ ಯಂತ್ರ ಓದಿದ್ದು, ಯಾರು ತಿದ್ದಿದ್ದು ಅಂತ ಬರೆಯುತ್ತೇವೆ. ಹಿಂದೆ ಓಲೆಗರಿ ನಕಲು ಮಾಡಿದ ಲಿಪಿಕಾರರೂ ಕೊನೆಯಲ್ಲಿ ಹೇಳುತ್ತಿದ್ದರಲ್ಲ, ಮೂಲ ಹೇಗಿತ್ತೋ ಹಾಗೆ ಬರೆದಿದ್ದೇನೆ, ಶುದ್ಧವೋ ಅಶುದ್ಧವೋ ನನ್ನ ಮೇಲೆ ದೋಷ ಹೊರಿಸಬೇಡಿ ಅಂತ. ನಮಗೆ ಅಷ್ಟು ಸುಲಭವಾಗಿ ತಪ್ಪಿಸಿಕೊಳ್ಳಲು ಆಗುವುದಿಲ್ಲ, ಹಾಗಾಗಿ ಹೆಸರು ಹಾಕುತ್ತೇವೆ.

ಆ ಮೊದಲ ತೂತಿನ ಪದ್ಯ ಏನಾಯಿತು ಅಂದರೆ, ಆ ಪ್ರಸಂಗ ಹಾಡಿದ ಇಬ್ಬರು ಹಿರಿಯ ಭಾಗವತರನ್ನು ಹುಡುಕಿ ಫೋನ್ ಮಾಡಿದೆ. ಇಬ್ಬರೂ ಕೊನೆಯ ಎರಡು ಸಾಲು ಹಾಡಿ ತೋರಿಸಿದರು. ಇಬ್ಬರದೂ ಬೇರೆ ಬೇರೆ. ಒಬ್ಬರದನ್ನು ಇನ್ನೊಬ್ಬರಿಗೆ ಹೇಳಿದರೆ, “ಅವನಿಗೆ ಮರೆತು ಹೋಗಿದೆ, ಕಟ್ಟಿ ಹಾಡಿದ್ದಾನೆ” ಅಂದರು. ಎರಡನ್ನೂ ಪಾಠಾಂತರ ಅಂತ ಕೆಳಗೆ ಹಾಕಿ, ಮೇಲೆ ಗ್ರಂಥಪಾತ ಅಂತಲೇ ಬಿಟ್ಟಿದ್ದೇವೆ. ಯಂತ್ರದ್ದು ಬೇರೆ ಫೈಲಿನಲ್ಲಿದೆ, ಅಳಿಸಿಲ್ಲ. ಪಟ್ಟಿ ಕೊಟ್ಟ ಮನೆಯ ಮೊಮ್ಮಗನಿಗೆ ಅದೇ ಇಷ್ಟವಂತೆ.