ರ್‍ಯಾಕ್‌ನ ಉಪಕರಣಗಳಿಗೆ ಅರ್ಥಿಂಗ್: ನನ್ನ ಅನುಭವ

ರ್‍ಯಾಕ್‌ನಲ್ಲಿ (ಉಪಕರಣಗಳನ್ನು ಕೂರಿಸುವ ಲೋಹದ ಚೌಕಟ್ಟಿನಲ್ಲಿ) ನೆಟ್‌ವರ್ಕ್ ಸ್ವಿಚ್ ಕೂರಿಸಿದ ಕೂಡಲೇ, ಪವರ್ ಕೇಬಲ್ ಕೈಗೆತ್ತಿಕೊಳ್ಳುವ ಮುನ್ನವೇ, ನಾನು ಅರ್ಥ್ ವೈರನ್ನು ಜೋಡಿಸುತ್ತೇನೆ. ಉಪಕರಣವನ್ನು ಕಳಚುವಾಗ ಅದೇ ವೈರನ್ನು ಎಲ್ಲಕ್ಕಿಂತ ಕೊನೆಗೆ ಬಿಚ್ಚುತ್ತೇನೆ. ಪವರ್ ಕೇಬಲ್ಲಿನ ಮೂರನೆಯ ಪಿನ್ನಿನಲ್ಲೇ ಅರ್ಥ್ ಇರುವಾಗ ಇನ್ನೊಂದೇಕೆ ಎಂದು ಕೇಳುವವರಿದ್ದಾರೆ. ಆ ಅರ್ಥ್ ಪ್ಲಗ್ ಕಿತ್ತೊಡನೆ ತಪ್ಪಿಹೋಗುತ್ತದೆ. ಚಾಸಿಸ್‌ಗೆ, ಅಂದರೆ ಉಪಕರಣದ ಲೋಹದ ಕವಚಕ್ಕೆ, ಬಿಗಿದ ವೈರ್ ಹಾಗೆಯೇ ಉಳಿಯುತ್ತದೆ. ಅಲ್ಲದೆ, ಪವರ್ ಸಪ್ಲೈಗಳ ಫಿಲ್ಟರ್‌ಗಳಿಂದ ಚಾಸಿಸ್‌ಗೆ ಸೋರುವ ಕರೆಂಟ್ ಒಂದೊಂದರಲ್ಲಿ ಅಲ್ಪವೇ ಆದರೂ, ರ್‍ಯಾಕ್ ತುಂಬ ಉಪಕರಣಗಳಿದ್ದಾಗ ಕೂಡಿಕೊಳ್ಳುತ್ತದೆ.

ಹೆಚ್ಚು ಹೊತ್ತು ಹಿಡಿಯುವುದು ಬಣ್ಣ ತೆಗೆಯುವ ಕೆಲಸ. ರ್‍ಯಾಕ್‌ನ ಪೌಡರ್ ಕೋಟಿಂಗ್ ಕರೆಂಟನ್ನು ಹಾಯಗೊಡುವುದಿಲ್ಲವಾದ್ದರಿಂದ, ಅದರ ಮೇಲೆ ಬೋಲ್ಟನ್ನು ಎಷ್ಟೇ ಬಿಗಿದರೂ ಲಗ್ಗಿನ (ವೈರಿನ ತುದಿಗೆ ಹಾಕುವ, ಬೋಲ್ಟಿನ ತೂತಿರುವ ಲೋಹದ ತುಂಡಿನ) ತಳ ಲೋಹಕ್ಕೆ ತಾಗುವುದಿಲ್ಲ. ಲಗ್ಗಿನ ಅಗಲಕ್ಕಿಂತ ತುಸು ಹೆಚ್ಚು ಜಾಗವನ್ನು ಮರಳುಕಾಗದದಿಂದ ಉಜ್ಜಿ, ಲೋಹ ಹೊಳೆಯತೊಡಗಿದ ಮೇಲೆ ಒರೆಸಿ, ಆಕ್ಸೈಡ್ ಕಟ್ಟದಂತೆ ತಡೆಯುವ ಪೇಸ್ಟನ್ನು ತೆಳ್ಳಗೆ ಸವರುತ್ತೇನೆ. ಉಜ್ಜಿದ ಪುಡಿ ಉಪಕರಣಗಳೊಳಗೆ ಬೀಳಬಾರದೆಂದು ಇದನ್ನು ರ್‍ಯಾಕ್ ಖಾಲಿಯಿರುವಾಗಲೇ ಮುಗಿಸುತ್ತೇನೆ. ಹಲ್ಲಿನ ವಾಷರ್ ಹಾಕಿದರೆ ಉಜ್ಜಬೇಕಿಲ್ಲ ಎಂಬ ಮಾತೂ ಇದೆ. ಬಣ್ಣ ಸೀಳಲೆಂದೇ ತಯಾರಿಸಿದ ವಾಷರ್ ಆದರೆ ಒಪ್ಪುತ್ತೇನೆ, ಸಾಮಾನ್ಯ ವಾಷರನ್ನು ನಂಬಲಾರೆ.

ರ್‍ಯಾಕ್‌ನಿಂದ ಬಸ್‌ಬಾರ್‌ವರೆಗೆ (ಅರ್ಥ್ ವೈರ್‌ಗಳೆಲ್ಲ ಬಂದು ಸೇರುವ ಕೋಣೆಯ ಲೋಹದ ಪಟ್ಟಿಯವರೆಗೆ) 16 ಚದರ ಮಿಲಿಮೀಟರಿನ ಹಸಿರು-ಹಳದಿ ತಾಮ್ರದ ವೈರನ್ನು, ಚೂಪಾದ ಬಾಗುಗಳಿಲ್ಲದಂತೆ ಎಳೆಯುತ್ತೇನೆ. ತುದಿಗೆ ಎರಡು ತೂತಿನ ಲಗ್ಗೇ ಬೇಕು, ಏಕೆಂದರೆ ಒಂದೇ ತೂತಿನದು ವೈರಿನ ಎಳೆತಕ್ಕೆ ತಿರುಗಿ ಸಡಿಲವಾಗಬಹುದು. ಕ್ರಿಂಪ್ ಮಾಡುವ, ಅಂದರೆ ಲಗ್ಗನ್ನು ಒತ್ತಿ ವೈರಿಗೆ ಬಿಗಿಯುವ, ಮುನ್ನ ಲಗ್ಗಿನ ಕೊಳವೆಯಲ್ಲಿರುವ ಸಣ್ಣ ಕಿಂಡಿಯಲ್ಲಿ ತಾಮ್ರ ಕಾಣುತ್ತಿದೆಯೇ ಎಂದು ನೋಡುತ್ತೇನೆ. ಕಾಣದಿದ್ದರೆ ವೈರ್ ಪೂರ್ತಿ ಒಳಗೆ ಹೋಗಿಲ್ಲವೆಂದೇ ಅರ್ಥ. ಪ್ರತಿ ಉಪಕರಣದಿಂದಲೂ ರ್‍ಯಾಕ್‌ನ ತಾಮ್ರದ ಪಟ್ಟಿಗೆ ಬೇರೆ ಬೇರೆ ವೈರ್ ಕೊಡುತ್ತೇನೆ. ಒಂದರಿಂದ ಇನ್ನೊಂದಕ್ಕೆ ಸರಪಳಿಯಂತೆ ಕೊಟ್ಟರೆ, ನಡುವಿನದನ್ನು ಬಿಚ್ಚಿದಾಗ ಅದರಾಚೆಯವೆಲ್ಲ ಅರ್ಥ್ ಕಳೆದುಕೊಳ್ಳುತ್ತವೆ. ಬಾಗಿಲಿಗೂ ಪ್ರತ್ಯೇಕ ವೈರ್ ಬೇಕು, ಕೀಲುಗಳನ್ನು ನೆಚ್ಚುವಂತಿಲ್ಲ.

ಪವರ್ ಕೊಡುವ ಮುನ್ನ ಚಾಸಿಸ್‌ನಿಂದ ಬಸ್‌ಬಾರ್‌ವರೆಗಿನ ರೆಸಿಸ್ಟೆನ್ಸ್ ಅಳೆಯುತ್ತೇನೆ. ಮೀಟರಿನ ಕಡ್ಡಿಯನ್ನು ಬಣ್ಣದ ಮೇಲಲ್ಲದೆ ಬರಿಯ ಲೋಹದ ಮೇಲೆ ಒತ್ತಬೇಕು. ಸಾಮಾನ್ಯ ಮಲ್ಟಿಮೀಟರ್ ಸಂಪರ್ಕವಿದೆಯೋ ಇಲ್ಲವೋ ಎಂಬುದನ್ನಷ್ಟೇ ನೆಚ್ಚುವಂತೆ ಹೇಳಬಲ್ಲದು. ಒಂದೆರಡು ಎಳೆಗಳಷ್ಟೇ ಹಿಡಿದಿರುವ ಲಗ್ಗೂ ಅದರ ಕಣ್ಣಿಗೆ ಗಟ್ಟಿಯಾಗಿ ಕಾಣಬಹುದಾದ್ದರಿಂದ, ಮೀಟರ್ ನೋಡಿದ ಮೇಲೂ ಪ್ರತಿ ಲಗ್ಗನ್ನು ಕೈಯಿಂದ ಎಳೆದು ನೋಡುತ್ತೇನೆ.